ತಡವಳದ ಮದುವೆಯ ಮಠ್ಠಾ

ಆ ಕಾಲಕ್ಕೆ ಅಕ್ಕಲಕೋಟೆಯಲ್ಲಿ ಯಾರ ಮನೆಯಲ್ಲಿ ಮದುವೆ ಗೊತ್ತಾದರೂ, ಮುಹೂರ್ತ ನೋಡಿಸಿದ ಮೇಲೆ ಮಾಡುತ್ತಿದ್ದ ಮೊದಲ ಕೆಲಸವೆಂದರೆ ಲಕ್ಷ್ಮೀಬಾಯಿಯ ಮನೆಗೆ ಹೋಗಿ ಬರುವುದು. ಅಡಿಗೆಯವರು ಯಾರೇ ಇರಲಿ, ಮಠ್ಠಾ ಮಾತ್ರ ಆಕೆಯ ಕೈಯದೇ ಆಗಬೇಕು. ಮಠ್ಠಾ ಎಂದರೆ ಮಸಾಲೆ ಹಾಕಿದ ಮಜ್ಜಿಗೆ, ಅಷ್ಟೇ. ಹಸಿಶುಂಠಿ, ಹಸಿಮೆಣಸಿನಕಾಯಿ, ಜೀರಿಗೆ, ಕೊತ್ತಂಬರಿ ಎಲ್ಲರೂ ಹಾಕುವುದನ್ನೇ ಆಕೆಯೂ ಹಾಕುತ್ತಿದ್ದಳು. ಆದರೂ ಉಂಡು ಕೈ ತೊಳೆದವರು ಮತ್ತೆ ಪಂಕ್ತಿಯ ಕಡೆ ಬಂದು, ಇನ್ನೊಂದು ಲೋಟ ಸಿಕ್ಕೀತೇ ಎಂದು ನಿಲ್ಲುತ್ತಿದ್ದರು.

ಕುಮುದಿನಿ ಬೆಳೆದದ್ದು ಆ ಮನೆಯ ಪಕ್ಕದಲ್ಲಿ. ತಂದೆ ತಹಸೀಲ್ ಕಚೇರಿಯಲ್ಲಿ ಕಾರಕೂನರು. ತಾಯಿ ತೀರಿಕೊಂಡಾಗ ಅವಳಿನ್ನೂ ಪ್ರಾಥಮಿಕ ಸಾಲೆಯ ಹುಡುಗಿ. ಮರುದಿನದಿಂದ ಅವಳ ತಲೆ ಬಾಚಿ ಎರಡು ಜಡೆ ಹಾಕುವ ಕೆಲಸವನ್ನು ಲಕ್ಷ್ಮೀಬಾಯಿ ಯಾರನ್ನೂ ಕೇಳದೆ ವಹಿಸಿಕೊಂಡಳು. ಮರಾಠಿ ಸಾಲೆಗೆ ಹೋಗುವ ಹುಡುಗಿ ಮನೆಗೆ ಬಂದು ಕನ್ನಡದಲ್ಲಿ ಹಟ ಮಾಡುತ್ತಿದ್ದಳು. ಆಕೆ ಎರಡೂ ಭಾಷೆಯಲ್ಲಿ ಬೈಯುತ್ತಿದ್ದಳು. ಕುಮುದಿನಿ ಆಕೆಯನ್ನು ಕರೆಯುತ್ತಿದ್ದದ್ದು ಮಾವಶಿ, ಅಂದರೆ ಚಿಕ್ಕಮ್ಮ, ಎಂದು. ಮದುವೆಯ ದಿನಗಳಲ್ಲಿ ಮಾವಶಿಯ ಜೊತೆ ಹೋಗಿ, ಹಂಡೆಯ ಪಕ್ಕ ಕೂತು, ಅಂಗೈಯಲ್ಲಿ ಬಿಟ್ಟುಕೊಂಡ ಮಠ್ಠಾ ನೆಕ್ಕಿ ಉಪ್ಪು ಸಾಕೋ ಬೇಕೋ ಎಂದು ಹೇಳುವ ಅಧಿಕಾರ ಅವಳಿಗಿತ್ತು. ಊರಿನ ಬೇರೆ ಯಾವ ಮಗುವಿಗೂ ಆ ಅಧಿಕಾರ ಇರಲಿಲ್ಲ.

ಮುಂದೆ ಅವಳು ಓದಿ, ಸೊಲ್ಲಾಪುರದ ಒಂದು ವೈದ್ಯಕೀಯ ಕಾಲೇಜಿನ ಪ್ರಯೋಗಾಲಯದಲ್ಲಿ ಸೂಕ್ಷ್ಮಾಣುಗಳ ಕೆಲಸಕ್ಕೆ ಸೇರಿದಳು. ಬ್ಯಾಂಕಿನಲ್ಲಿದ್ದ ಶಿವಾನಂದನನ್ನು ಮದುವೆಯಾದಳು. ತಂದೆ ಹೋದ ಮೇಲೂ ರವಿವಾರಕ್ಕೊಮ್ಮೆ ಕೆಂಪು ಎಸ್.ಟಿ. ಹತ್ತಿ ವಳಸಂಗದ ಮೇಲೆ ಹಾದು ಅಕ್ಕಲಕೋಟೆಗೆ ಬರುವುದು ತಪ್ಪಲಿಲ್ಲ. ಬಸ್ಸು ಊರು ಸಮೀಪಿಸುತ್ತಿದ್ದಂತೆ ಅವಳಿಗೆ ಹಸಿಶುಂಠಿಯ ವಾಸನೆ ಬಂದಂತಾಗುತ್ತಿತ್ತು. ಅದು ವಾಸನೆಯಲ್ಲ, ನೆನಪು ಎಂದು ಗೊತ್ತಿದ್ದರೂ ಅವಳು ಕಿಟಕಿಯ ಗಾಜು ಸರಿಸಿ ಉಸಿರೆಳೆದುಕೊಳ್ಳುತ್ತಿದ್ದಳು.

೧೯೯೬ರ ಬೇಸಿಗೆಯಲ್ಲಿ ತಡವಳದ ಶಾಂತಲಿಂಗಪ್ಪ ಪಾಟೀಲರ ಮಗಳು ಸ್ನೇಹಲಳ ಮದುವೆ ನಡೆಯಿತು. ಪಾಟೀಲರು ದೊಡ್ಡ ಹೊಲಮನೆಯವರು. ಸುತ್ತಲಿನ ಊರೆಲ್ಲ ಸೇರಿತ್ತು. ಕುಮುದಿನಿಗೂ ಕರೆ ಬಂದಿತ್ತು. ಪರೀಕ್ಷೆಯ ಕೆಲಸವಿದ್ದುದರಿಂದ ಹೋಗಲಾಗಲಿಲ್ಲ. ಮಾವಶಿ ಮಠ್ಠಾ ಮಾಡಲು ಹೋಗಿದ್ದಾಳೆಂದು ಕೇಳಿ, ತನಗೊಂದು ಲೋಟ ತಪ್ಪಿತಲ್ಲ ಎಂದು ಶಿವಾನಂದನ ಮುಂದೆ ಹಲುಬಿದಳು.

ಎರಡು ದಿನ ಕಳೆಯುವಷ್ಟರಲ್ಲಿ ತಡವಳದಿಂದ ಕಾಲೇಜಿನ ಆಸ್ಪತ್ರೆಗೆ ರೋಗಿಗಳು ಬರತೊಡಗಿದರು. ಮೊದಲು ಜೀಪಿನಲ್ಲಿ, ಆಮೇಲೆ ಟ್ರ್ಯಾಕ್ಟರಿನಲ್ಲಿ. ಜ್ವರ, ಹೊಟ್ಟೆ ಕಿವುಚುವ ನೋವು, ರಕ್ತಭೇದಿ. ಆಸ್ಪತ್ರೆಯ ವಾರ್ಡು ಸಾಲದೆ ವರಾಂಡದಲ್ಲಿ ಚಾಪೆ ಹಾಸಿದರು. ಕುಮುದಿನಿಯ ಪ್ರಯೋಗಾಲಯಕ್ಕೆ ಬಂದ ಮಲದ ನಮೂನೆಗಳಲ್ಲೆಲ್ಲ ಒಂದೇ ಹುಳು, ಅಂದರೆ ಒಂದೇ ಸೂಕ್ಷ್ಮಾಣು, ಬೆಳೆಯಿತು. ಅದರ ಹೆಸರು ಶಿಗೆಲ್ಲಾ. ಅದು ಮನುಷ್ಯನ ಹೊಟ್ಟೆಯಿಂದಲೇ ಹೊರಬಿದ್ದು, ತೊಳೆಯದ ಕೈಯಿಂದಲೋ ಹೊಲಸಾದ ನೀರಿನಿಂದಲೋ ಇನ್ನೊಬ್ಬ ಮನುಷ್ಯನ ಬಾಯಿ ಸೇರುವಂಥದು. ಹೆಚ್ಚಿನವರು ಔಷಧಿಗೆ ಬಗ್ಗಿದರು. ಪಾಟೀಲರ ತಾಯಿ ಪಾರ್ವತಿಬಾಯಿ ಬಗ್ಗಲಿಲ್ಲ. ಮೊಮ್ಮಗಳ ಮದುವೆ ನೋಡಬೇಕೆಂದು ಜೀವ ಹಿಡಿದುಕೊಂಡಿದ್ದ ಮುದುಕಿ, ಮದುಮಗಳ ಕೈಯ ಅರಿಷಿಣ ಇನ್ನೂ ಹಾಗೇ ಇರುವಾಗಲೇ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚಿದಳು.

ಯಾರು ಏನು ಉಂಡಿದ್ದರು ಎಂದು ಕುಮುದಿನಿಯೂ ಜೊತೆಯ ಡಾಕ್ಟರರೂ ಹಾಸಿಗೆ ಹಾಸಿಗೆಗೂ, ಬೇನೆ ಬೀಳದ ನೆಂಟರ ಬಳಿಗೂ ಹೋಗಿ ಕೇಳಿದರು. ಹೋಳಿಗೆ ಎಲ್ಲರೂ ಉಂಡಿದ್ದರು, ಬದನೆಕಾಯಿ ಪಲ್ಯ ಎಲ್ಲರೂ ಉಂಡಿದ್ದರು. ಆದರೆ ಮಠ್ಠಾ ಕುಡಿಯದವರಿಗೆ ಏನೂ ಆಗಿರಲಿಲ್ಲ. ಗುಟ್ಟು ಉಳಿಯುವ ಮಾತೇ ಅಲ್ಲ ಅದು. ಆಸ್ಪತ್ರೆಯ ಮೆಟ್ಟಿಲ ಮೇಲೆ ನಿಂತು ಶಾಂತಲಿಂಗಪ್ಪ ಎಲ್ಲರಿಗೂ ಕೇಳುವಂತೆ ಹೇಳಿದರು: “ನಮ್ಮವ್ವನ್ನ ಕೊಂದದ್ದು ಆ ಲಕ್ಷ್ಮೀಬಾಯಿ ಹೊಲಸ ಕೈರಿ. ಇನ್ನ ಯಾರ ಮನ್ಯಾಗೂ ಆಕಿನ್ನ ಹಂಡೇದ ಹಂತ್ಯಾಕ ಬಿಡಬ್ಯಾಡ್ರಿ.”

ಲಕ್ಷ್ಮೀಬಾಯಿಯೂ ಅಕ್ಕಲಕೋಟೆಯ ಮನೆಯಲ್ಲಿ ಬೇನೆ ಬಿದ್ದು ಮಲಗಿದ್ದಳು. ಮಠ್ಠಾದ ರುಚಿ ನೋಡಿದವರಲ್ಲಿ ಆಕೆಯೇ ಮೊದಲನೆಯವಳಲ್ಲವೇ? ಅವಳ ನಮೂನೆಯನ್ನು ಕುಮುದಿನಿ ತಾನೇ ತಂದು ಪರೀಕ್ಷೆ ಮಾಡಿದಳು. ಅದರಲ್ಲೂ ಶಿಗೆಲ್ಲಾ ಇತ್ತು. ಊರಿಗೆ ಇಷ್ಟು ಸಾಕಾಯಿತು. ಅವಳಿಗೂ ಎಲ್ಲರ ಜೊತೆಗೇ ಬೇನೆ ಬಂತು, ಮೊದಲು ಬರಲಿಲ್ಲ ಎಂದು ಕುಮುದಿನಿ ಹೇಳಿ ನೋಡಿದಳು. ಮೊದಲೇ ಬಂದಿತ್ತು, ಮುಚ್ಚಿಟ್ಟಳು ಎಂದಿತು ಊರು. ಬೇನೆ ತೋರಿಸದೆಯೂ ಕೆಲವರು ಈ ಹುಳುವನ್ನು ಹೊಟ್ಟೆಯಲ್ಲಿ ಹೊತ್ತು ತಿರುಗಬಲ್ಲರು ಎಂಬುದು ಕುಮುದಿನಿಗೆ ಗೊತ್ತಿತ್ತು. ಆದ್ದರಿಂದ ಅವಳು ಎದೆ ತಟ್ಟಿ ಅಲ್ಲ ಎನ್ನುವಂತಿರಲಿಲ್ಲ.

ಮುಂದಿನ ರವಿವಾರ ಅವಳು ಅಕ್ಕಲಕೋಟೆಗೆ ಹೋದಾಗ ಮಾವಶಿ ಎದ್ದು ಕೂತಿದ್ದಳು, ಅರ್ಧ ಮೈಯಾಗಿದ್ದಳು. ಎಂದಿನಂತೆ ಒಲೆಯ ಕಡೆ ಏಳಲಿಲ್ಲ. ಕುಮುದಿನಿ ತಾನೇ ಹೋಗಿ ಗಡಿಗೆಯಿಂದ ನೀರು ಬಗ್ಗಿಸಿಕೊಳ್ಳಲು ಕೈ ಹಾಕಿದಳು.

“ಬ್ಯಾಡವ್ವಾ ಕುಮುದಾ. ಬಾಜೂ ಮನ್ಯಾಗ ಕುಡಿ ಹೋಗು.”

“ಯಾಕ ಮಾವಶಿ?”

“ಆ ನೀರ ನಾನಽ ತುಂಬಿದ್ದು.” ಲಕ್ಷ್ಮೀಬಾಯಿ ಎರಡೂ ಅಂಗೈ ಮುಂದೆ ಚಾಚಿದಳು. “ನೀ ಕಲ್ತಾಕಿ. ಖರೆ ಹೇಳು. ಆ ಹುಳಾ ನನ್ನ ಕೈಯಾಗಿಂದಽ ಹೋದ್ವೇನು? ಪಾರ್ವತಿಬಾಯಿ ನನ್ನ ಕಾಕಾನ ಊರಾಕಿ. ನಾ ಅಂದ್ರ ಜೀವ ಆಕಿಗೆ.”

ಕುಮುದಿನಿ ತನ್ನ ತಲೆ ಬಾಚಿದ ಆ ಕೈಗಳನ್ನು ಹಿಡಿದುಕೊಂಡಳು. “ನನಗಿನ್ನೂ ಗೊತ್ತಿಲ್ಲ ಮಾವಶಿ. ಗೊತ್ತ ಮಾಡ್ಕೊಂಡ ಬರ್ತೀನಿ,” ಎಂದಳು. ಮತ್ತೆ ಎದ್ದು ಹೋಗಿ ಅದೇ ಗಡಿಗೆಯ ನೀರು ಕುಡಿದಳು. ಬಸ್ಸಿನಲ್ಲಿ ಕೂತ ಮೇಲೆ, ಇದನ್ನು ತನ್ನ ವಿದ್ಯಾರ್ಥಿಯೊಬ್ಬ ಮಾಡಿದ್ದರೆ ಹೇಗೆ ಬೈಯುತ್ತಿದ್ದೆ ಎಂದು ಅವಳಿಗೇ ನಗು ಬಂತು, ಅಳುವೂ ಬಂತು.

ಅವಳ ಜೊತೆ ಓದಿದ ಶ್ರೀಲೇಖಾ ಪುಣೆಯ ಒಂದು ಸಂಶೋಧನಾಲಯದಲ್ಲಿದ್ದಳು. ವಿಜಾಪುರದ ಹುಡುಗಿ. ಹಾಸ್ಟೆಲಿನಲ್ಲಿ ಇಬ್ಬರೂ ಒಂದೇ ಕೋಣೆಯಲ್ಲಿದ್ದು, ಮನೆಯಿಂದ ಬಂದ ಶೇಂಗಾ ಚಟ್ನಿಯನ್ನು ಹಂಚಿಕೊಂಡು ತಿಂದವರು. ಹುಳುವಿನ ಒಳಗಿನ ಡಿಎನ್‌ಎಯನ್ನೇ ಹೋಲಿಸಿ ನೋಡುವ ಹೊಸ ಯಂತ್ರ ಅಲ್ಲಿ ಬಂದಿತ್ತು. ನಮ್ಮ ಕಡೆ ಅದಿನ್ನೂ ಅಪರೂಪ. ಕುಮುದಿನಿ ಫೋನಿನಲ್ಲಿ ಎಲ್ಲ ಹೇಳಿದಾಗ ಶ್ರೀಲೇಖಾ, “ತೊಗೊಂಡ ಬಾ. ಆದ್ರ ಬರೇ ಮದುವೀವು ತರಬ್ಯಾಡ. ಈ ಬ್ಯಾಸಗ್ಯಾಗ ಸೊಲ್ಲಾಪುರದಾಗ ಬ್ಯಾರೆ ಯಾರ ಹೊಟ್ಯಾಗರೆ ಶಿಗೆಲ್ಲಾ ಸಿಕ್ಕಿದ್ರ ಅವನ್ನೂ ತಾ. ಸಂಬಂಧ ಇಲ್ಲದವು ಬಾಜೂಕ ಇದ್ರಽ ಸಂಬಂಧ ಇದ್ದವು ಕಾಣ್ತಾವ,” ಎಂದಳು.

ಹಾಗೆ ಅವಳು ಪ್ರಯೋಗಾಲಯದ ಫ್ರಿಜ್ಜಿನಲ್ಲಿ ಉಳಿದಿದ್ದ, ಊರಿನ ಅಲ್ಲಿಲ್ಲಿಯ ರೋಗಿಗಳ ಕೆಲವು ಬಾಟಲಿಗಳನ್ನೂ ಸೇರಿಸಿ ಕಟ್ಟಿಕೊಂಡು ಪುಣೆಯ ರೈಲು ಹತ್ತಿದಳು. ಬೇಸಿಗೆಯಲ್ಲಿ ಇಂಥ ಬೇನೆ ಸೊಲ್ಲಾಪುರಕ್ಕೆ ಹೊಸದಲ್ಲ. ನಳಕ್ಕೆ ದಿನಬಿಟ್ಟು ದಿನ ನೀರು ಬರುವ ಊರು. ಹೊಟ್ಟೆ ಕೆಡುವುದನ್ನು ಯಾರೂ ಸುದ್ದಿಯೆಂದು ಹೇಳುತ್ತಿರಲಿಲ್ಲ.

ಶ್ರೀಲೇಖಾಳ ಕೆಲಸ ತಾಳ್ಮೆಯದು. ಹುಳುವಿನ ಡಿಎನ್‌ಎ ಎಂಬ ಉದ್ದನೆಯ ಎಳೆಯನ್ನು ಕೆಲವು ಗೊತ್ತಾದ ಜಾಗಗಳಲ್ಲಿ ಮಾತ್ರ ಕತ್ತರಿಸುವ ರಸವೊಂದಿದೆ. ಕತ್ತರಿಸಿದ ತುಂಡುಗಳನ್ನು ಮೆತ್ತನೆಯ ಹಲ್ವದಂಥ ಪದರಿನಲ್ಲಿಟ್ಟು, ದಿಕ್ಕು ಬದಲಿಸುತ್ತ ವಿದ್ಯುತ್ತು ಹಾಯಿಸಿದರೆ ಸಣ್ಣ ತುಂಡು ಮುಂದೆ ಓಡುತ್ತದೆ, ದೊಡ್ಡದು ಹಿಂದೆ ಉಳಿಯುತ್ತದೆ. ಕೊನೆಗೆ ಬಣ್ಣ ಹಾಕಿ ವಿಶೇಷ ಬೆಳಕಿನಲ್ಲಿ ಹಿಡಿದರೆ ಒಂದೊಂದು ಹುಳುವಿಗೂ ಒಂದೊಂದು ಪಟ್ಟಿಯ ಸಾಲು ಮೂಡುತ್ತದೆ. ಒಂದೇ ಕುಲದ ಹುಳುಗಳಿಗೆ ಒಂದೇ ಸಾಲು. ಅದು ಮೂಡುವವರೆಗೆ ಗೆಳತಿಯರಿಬ್ಬರೂ ಹಳೆಯ ಹಾಸ್ಟೆಲಿನ ದಿನಗಳನ್ನು ಮಾತಾಡಿದರು. ಕುಮುದಿನಿಯ ಮನಸ್ಸು ಮಾತ್ರ ಆ ಪೆಟ್ಟಿಗೆಯಲ್ಲಿತ್ತು.

ಮೊದಲು ಮದುವೆಯ ಸಾಲುಗಳನ್ನು ನೋಡಿದರು. ಪಾರ್ವತಿಬಾಯಿಯ ಹುಳುವೂ ಲಕ್ಷ್ಮೀಬಾಯಿಯ ಹುಳುವೂ ಪಟ್ಟಿಗೆ ಪಟ್ಟಿ ಕೂಡಿಸಿದಂತೆ ಒಂದೇ ಆಗಿದ್ದವು. ಕುಮುದಿನಿ ಪಟ್ಟಿಗಳ ಚಿತ್ರವನ್ನು ಕೆಳಗಿಟ್ಟಳು.

“ಅಂದ್ರ ಆತಲ್ಲ ಲೇಖಾ,” ಎಂದಳು. “ಮಾವಶೀದಽ.”

“ಎರಡೂ ಒಂದಽ ಅಂತ ಗೊತ್ತಾತು. ಯಾರಿಂದ ಯಾರಿಗೆ ಹೋತು ಅಂತ ಈ ಪಟ್ಟಿ ಎಲ್ಲಿ ಹೇಳ್ತದ? ಆಕೀನೂ ಅದಽ ಮಠ್ಠಾ ಕುಡದಾಳ. ಸಮಾಧಾನ ಮಾಡ್ಕೋ,” ಎಂದು ಶ್ರೀಲೇಖಾ ಚಿತ್ರವನ್ನು ಬೆಳಕಿಗೆ ಹಿಡಿದಳು. ಹಾಗೆ ಹಿಡಿದವಳು ಹುಬ್ಬು ಗಂಟಿಕ್ಕಿದಳು. ಸಂಬಂಧವಿಲ್ಲದ ಸೊಲ್ಲಾಪುರದ ಸಾಲುಗಳಲ್ಲಿ ಕೆಲವು ಬೇರೆಯೇ ಇದ್ದವು. ಆದರೆ ಎರಡು ಸಾಲು ಮದುವೆಯ ಹುಳುವಿನ ತದ್ರೂಪು.

“ನಾನಽ ನಮೂನಿ ಹಾಕೂದು ತಪ್ಪೀನಿ ಅನಸ್ತದ,” ಎಂದಳು. ಮತ್ತೆ ಮೊದಲಿನಿಂದ ಮಾಡಿದಳು. ಕುಮುದಿನಿ ರಜೆ ಮುಂದುವರಿಸಿ ಅಲ್ಲಿಯೇ ಉಳಿದಳು. ಎರಡನೆಯ ಸಲವೂ ಅದೇ ಬಂತು.

ಆ ಎರಡು ಬಾಟಲಿಗಳಲ್ಲಿ ಒಂದು ಕಾಲೇಜು ಹುಡುಗಿ ಮುಕ್ತಾಳದು, ಇನ್ನೊಂದು ಚಾದರದ ಕಾರಖಾನೆಯಲ್ಲಿ ಕೆಲಸ ಮಾಡುವ ಅಮೃತಪ್ಪ ಎಂಬುವನದು. ಇಬ್ಬರೂ ಬೇನೆ ಬಿದ್ದದ್ದು ಸ್ನೇಹಲಳ ಮದುವೆಗೆ ಮೊದಲು. ಅಂದರೆ ಹುಳು ತಡವಳದಲ್ಲಿ ಹುಟ್ಟಲಿಲ್ಲ. ಸೊಲ್ಲಾಪುರದಿಂದ ಮದುವೆಗೆ ಬಂತು. ಲಕ್ಷ್ಮೀಬಾಯಿಯಂತೂ ಸಂಕ್ರಾಂತಿಯಿಂದೀಚೆಗೆ ಸೊಲ್ಲಾಪುರದ ಮುಖ ನೋಡಿರಲಿಲ್ಲ.

ತಿರುಗಿ ಬಂದವಳೇ ಕುಮುದಿನಿ ಅವರಿಬ್ಬರನ್ನೂ ಹುಡುಕಿದಳು. ಮುಕ್ತಾ ಬಸ್ ಸ್ಟ್ಯಾಂಡಿನ ಮುಂದೆ ದಿನಾಲು ಕಬ್ಬಿನ ಹಾಲು ಕುಡಿಯುತ್ತಿದ್ದಳು. ಅಮೃತಪ್ಪ ಕಬ್ಬಿನ ಹಾಲು ಮುಟ್ಟುವವನಲ್ಲ. ಅವನು ಊಟವನ್ನು ಮನೆಯಿಂದಲೇ ಒಯ್ಯುತ್ತಿದ್ದ.

“ಹೊರಗ ಏನೂ ತಿನ್ನೂದಿಲ್ರಿ ಬಾಯಾರ. ಮಧ್ಯಾಹ್ನ ಮಗ್ಗದ ಕಾವು ತಡೀಲಾರ್ದಕ ಒಂದೀಟ ಲಿಂಬು ಸರಬತ್ತ ಕುಡೀತೀನ್ರಿ, ಅಷ್ಟಽ. ಗಾಡಿಯಾಂವ ಮನಿಯಿಂದ ನೀರ ತರ್ತಾನ್ರಿ, ಭಾಳ ಸ್ವಚ್ಛ ಮನಶಾ.”

“ತಣ್ಣಗ ಇರ್ತದೇನು?”

“ತಣ್ಣಗಽ ಇರಬೇಕಲ್ರಿ. ಬರ್ಫ ಹಾಕ್ತಾನ.”

ಕಬ್ಬಿನ ಹಾಲಿನಲ್ಲೂ ಬರ್ಫ, ಅದೇ ಮಂಜುಗಡ್ಡೆ. ಕುಮುದಿನಿ ಅಲ್ಲಿಂದಲೇ ಬಸ್ ಸ್ಟ್ಯಾಂಡಿಗೆ ನಡೆದಳು. ಅಕ್ಕಲಕೋಟೆಯ ಬಸ್ಸು ಅವತ್ತು ಎಲ್ಲೆಲ್ಲೋ ನಿಂತಂತೆ ಅನ್ನಿಸಿತು ಅವಳಿಗೆ. ಮನೆಯ ಹೊಸ್ತಿಲಲ್ಲೇ ಕೇಳಿದಳು: “ಮಾವಶಿ, ತಡವಳದ ಮಠ್ಠಾಕ ಬರ್ಫ ಹಾಕಿದ್ದಿರೇನು?”

ಲಕ್ಷ್ಮೀಬಾಯಿ ನೆನಪು ಮಾಡಿಕೊಂಡಳು. “ನಾ ಎಂದ ಬರ್ಫ ಹಾಕ್ತೀನವ್ವಾ? ಹಂಡೇಕ ಹಸಿ ಅರಬಿ ಸುತ್ತಿದ್ರ ಸಾಕು, ತಣ್ಣಗ ಆಗ್ತದ. ಆದ್ರ ಬಿಸಲ ಭಾಳಿತ್ತು. ಪಾಟೀಲ್ರು ಸೊಲ್ಲಾಪುರದಿಂದ ದೊಡ್ಡ ದೊಡ್ಡ ಗಡ್ಡಿ ತರಿಸಿದ್ರು, ಕಟಗಿ ಹೊಟ್ಟಿನಾಗ ಹಾಕ್ಸಿ. ಹಾಕು ಲಕ್ಷ್ಮೀಬಾಯಿ ಅಂದ್ರು, ಹಾಕಿದ್ನಿ. ಬರ್ಫ ಅಂದ್ರ ನೀರಽ ಅಲ್ಲೇನು?”

“ಹೌದು ಮಾವಶಿ,” ಎಂದಳು ಕುಮುದಿನಿ. “ನೀರಽ.”

ಅಲ್ಲಿಂದ ಮುಂದಿನದು ಬೇಗ ನಡೆಯಿತು. ಗಾಡಿಗಳವರು ಬರ್ಫ ತರುತ್ತಿದ್ದದ್ದು, ಪಾಟೀಲರು ತರಿಸಿದ್ದು, ಎರಡೂ ಸೊಲ್ಲಾಪುರದ ಅಂಚಿನ ಒಂದು ಸಣ್ಣ ಬರ್ಫದ ಕಾರಖಾನೆಯಿಂದ. ನಳದ ನೀರು ಸಾಲದೆ ಅವರು ಹಿತ್ತಲ ಬಾವಿಯ ನೀರು ಹೆಪ್ಪುಗಟ್ಟಿಸುತ್ತಿದ್ದರು. ಬಾವಿಯ ಪಕ್ಕದಲ್ಲಿ ಒಡೆದ ಗಟಾರು. ಆರೋಗ್ಯ ಇಲಾಖೆಯವರೊಂದಿಗೆ ಹೋಗಿ ತಂದ ಬರ್ಫವನ್ನು ಕರಗಿಸಿ, ಸೋಸಿ, ಬೆಳೆಸಿದಾಗ ಶಿಗೆಲ್ಲಾ ಸಿಕ್ಕಿತು. ಶ್ರೀಲೇಖಾ ಅದರ ಸಾಲು ಮೂಡಿಸಿ, ಚಿತ್ರವನ್ನೂ ಕಳಿಸಿದಳು. ಮದುವೆಯದು, ಮುಕ್ತಾಳದು, ಅಮೃತಪ್ಪನದು, ಬರ್ಫದ್ದು, ನಾಲ್ಕೂ ಒಂದೇ. ಬಾವಿಯನ್ನು ಮುಚ್ಚಿಸಿದರು, ಕಾರಖಾನೆಗೆ ಬೀಗ ಬಿತ್ತು.

ಮಾವಶಿಗೆ ಹೇಳಿದಾಗ ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಪಾಟೀಲ್ರಿಗೆ ಹೇಳಿದ್ಯಾ?” ಎಂದಳು.

ಅದೇ ಕುಮುದಿನಿಯ ಎದೆಯ ಮೇಲಿನ ಕಲ್ಲಾಗಿತ್ತು. ಮಾವಶಿಯ ಕೈ ಸ್ವಚ್ಛ ಎನ್ನಬೇಕಾದರೆ, ಬರ್ಫ ತರಿಸಿದ್ದು ನೀವೇ ಎಂದು ತಾಯಿ ಕಳೆದುಕೊಂಡವನ ಮುಂದೆ ಹೇಳಬೇಕು. “ಕಾಗದದಾಗ ಬರದ ಕಳಸಬಹುದಲ್ಲ,” ಎಂದ ಶಿವಾನಂದ. ಆಮೇಲೆ ಹೆಂಡತಿಯ ಮುಖ ನೋಡಿ ಮೋಟರ್‌ಸೈಕಲ್ಲಿನ ಕೀಲಿ ತೆಗೆದುಕೊಂಡ.

ತಡವಳದಲ್ಲಿ ಮೊದಲ ಮಳೆ ಬಿದ್ದು ಹೊಲಗಳೆಲ್ಲ ಕಪ್ಪಾಗಿದ್ದವು. ಶಾಂತಲಿಂಗಪ್ಪ ಪಡಸಾಲೆಯಲ್ಲಿದ್ದರು. ಗೋಡೆಯ ಮೇಲೆ ಪಾರ್ವತಿಬಾಯಿಯ ಫೋಟೋ. ಬಂದವರಿಗೆ ಚಹಾ ಆಯಿತು. ಕುಮುದಿನಿ ಚಿತ್ರವನ್ನು ಚೀಲದಿಂದ ತೆಗೆದು, ಒಂದೊಂದು ಸಾಲನ್ನೂ ಬೆರಳಿಟ್ಟು ತೋರಿಸಿದಳು. ಇದು ನಿಮ್ಮ ತಾಯಿಯವರದು, ಇದು ಲಕ್ಷ್ಮೀಬಾಯಿಯದು, ಇವು ಸೊಲ್ಲಾಪುರದವರವು, ಇವರು ನಿಮ್ಮ ಮದುವೆಗೆ ಬಂದವರೇ ಅಲ್ಲ. ಕೊನೆಯ ಸಾಲಿನ ಮೇಲೆ ಬೆರಳಿಟ್ಟಾಗ ಅವಳ ದನಿ ಸಣ್ಣದಾಯಿತು.

“ಇದು ಬರ್ಫದ್ದರಿ, ಪಾಟೀಲ್ರ.”

ಶಾಂತಲಿಂಗಪ್ಪ ಚಿತ್ರವನ್ನು ಕೈಗೆ ತೆಗೆದುಕೊಂಡು ಬಹಳ ಹೊತ್ತು ನೋಡಿದರು. “ಬರ್ಫ ನಾನಽ ಹೋಗಿ ತಂದಿದ್ನಿರಿ,” ಎಂದರು. “ಆಳ ಕಳಿಸಿದ್ರ ಕರಗಿಸ್ಕೊಂಡ ಬರ್ತಾನ ಅಂತ. ಅವ್ವ ಬ್ಯಾಡ ಅಂದಿದ್ಳು. ಹಲ್ಲ ಜುಂ ಅಂತಾವ ಅಂತಿದ್ಳು. ಮೊಮ್ಮಗಳ ಲಗ್ನದಾಗ ಒಂದ ಲೋಟಾ ಕುಡಿಯವ್ವಾ ಅಂತ ಕೈಯಾಗ ಹಿಡಿಸಿದ್ನಿ.”

ಶಿವಾನಂದ ತಲೆ ತಗ್ಗಿಸಿದ. ಕುಮುದಿನಿ ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದಿದ್ದ ಮಾತನ್ನು ಬಿಟ್ಟು, “ನೀವು ಪ್ರೀತಿಲೆ ತಂದ್ರಿ. ಗಟಾರ ನೀರ ಬಾವ್ಯಾಗ ಬಿಟ್ಟವರು ನೀವಲ್ರಿ,” ಎಂದಳು. “ಮಾವಶೀನೂ ಅಲ್ಲ.”

“ಆಕಿಗೆ ನಾ ಏನೇನಂದೆ,” ಎಂದು ಶಾಂತಲಿಂಗಪ್ಪ ಎದ್ದು ಒಳಗೆ ಹೋದರು. ಅವರು ಮತ್ತೆ ಹೊರಗೆ ಬರಲಿಲ್ಲ. ಗಂಡಹೆಂಡತಿ ಸ್ವಲ್ಪ ಹೊತ್ತು ಕಾದು ತಿರುಗಿ ಬಂದರು. ಬರುವಾಗ ಕುಮುದಿನಿ, ಹೇಳಬಾರದಿತ್ತೇನೋ ಎಂದಳು.

ಪಾಟೀಲರು ಅಕ್ಕಲಕೋಟೆಗೆ ಬಂದದ್ದು ಸಂತೆಯ ದಿನ. ಲಕ್ಷ್ಮೀಬಾಯಿಯ ಓಣಿಯ ಬಾಯಲ್ಲಿ ಜೀಪು ನಿಲ್ಲಿಸಿ ನಡೆದುಕೊಂಡು ಬಂದರಂತೆ. ಆಕೆ ಅಂಗಳದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅವರು ಚಪ್ಪಲಿ ಬಿಟ್ಟು ಹೊಸ್ತಿಲ ಹೊರಗೆ ನಿಂತು, “ತಂಗಿ, ನಾ ಆಡಬಾರದ ಮಾತ ಆಡಿದ್ನಿ,” ಎಂದರು.

ಲಕ್ಷ್ಮೀಬಾಯಿ ಮೊರ ಕೆಳಗಿಟ್ಟಳು. “ನನ್ನ ಮುಂದ ಅಂದ್ರ ಏನ ಬಂತ್ರಿ ಅಣ್ಣಾರ? ನೀವು ಅಂದದ್ದು ಮಂದಿ ಮುಂದ.”

ಅವರು ಹೌದೆಂದು ತಲೆಯಾಡಿಸಿ ನೇರ ಸಂತೆಗೆ ಹೋದರು. ಕಾಯಿಪಲ್ಲೆಯ ಸಾಲಿನಲ್ಲಿ, ಆಮೇಲೆ ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲಿ, ಕಂಡ ಕಂಡವರಿಗೆ ಅಂದು ಸಂಜೆಯವರೆಗೂ ಹೇಳುತ್ತಲೇ ಇದ್ದರು. ಹುಳು ಬರ್ಫದಲ್ಲಿತ್ತು, ಬರ್ಫ ತಂದವನು ನಾನು, ಲಕ್ಷ್ಮೀಬಾಯಿಯ ಕೈಯಲ್ಲಿ ಏನೂ ಇರಲಿಲ್ಲ. ಪಾಟೀಲರಂಥ ಮನುಷ್ಯ ಹಾಗೆ ಹೇಳಿದ್ದನ್ನು ಜನ ಆಮೇಲೆ ಎಷ್ಟೋ ವರ್ಷ ಮಾತಾಡಿದರು.

ಆದರೂ ಲಕ್ಷ್ಮೀಬಾಯಿ ಮುಂದಿನ ಲಗ್ನದ ಹಂಗಾಮಿನಲ್ಲಿ ಯಾರ ಕರೆಗೂ ಒಪ್ಪಲಿಲ್ಲ. ಕೈ ನಡುಗುತ್ತದೆ ಎಂದಳು. ಮನೆಗೆ ಬಂದ ಕುಮುದಿನಿಗೆ ಮಾತ್ರ ಮಾಡಿಕೊಟ್ಟಳು, ಅದೂ ನಾಲ್ಕಾರು ಸಲ ಕೈ ತೊಳೆದು. ಪಟ್ಟಿಗಳ ಸಾಲು ಊರ ಬಾಯಿ ಮುಚ್ಚಿಸಿತ್ತು, ಆ ಕೈಗಳ ಅಂಜಿಕೆಯನ್ನು ತೆಗೆದಿರಲಿಲ್ಲ.

ಎರಡು ವರ್ಷದ ಮೇಲೆ ಸ್ನೇಹಲ ಮಗಳನ್ನು ಹೆತ್ತಳು. ಕೂಸನ್ನು ಎತ್ತಿಕೊಂಡು ತಾನೇ ಅಕ್ಕಲಕೋಟೆಗೆ ಬಂದು ಲಕ್ಷ್ಮೀಬಾಯಿಯ ಮುಂದೆ ಕೂತಳು. “ನನ್ನ ಲಗ್ನಾ ಅಂದ್ರ ಎಲ್ಲಾರೂ ಆ ಬ್ಯಾನೀನಽ ನೆನಸ್ತಾರ ಅಜ್ಜಿ,” ಎಂದಳು. “ತೊಟ್ಟಲದ ದಿನಾ ನೀವು ಬಂದ ಮಠ್ಠಾ ಮಾಡಿದ್ರ, ಮುಂದ ಇದನ್ನೂ ನೆನಸ್ತಾರ. ಕೂಸಿಗೆ ಪಾರ್ವತಿ ಅಂತಽ ಹೆಸರ ಇಡಾಕತ್ತೀವಿ.” ಲಕ್ಷ್ಮೀಬಾಯಿ ಕೂಸನ್ನು ತೊಡೆಯ ಮೇಲೆ ತೆಗೆದುಕೊಂಡಳು. ಅದರ ಮುಷ್ಟಿ ಆಕೆಯ ಬೆರಳನ್ನು ಹಿಡಿದು ಬಿಡಲೇ ಇಲ್ಲ. ಬರುತ್ತೇನೆ ಎಂದಳು.

ತೊಟ್ಟಿಲ ದಿನ ತಡವಳದ ಬಸ್ಸಿನಲ್ಲಿ ಕಿಟಕಿಯ ಬದಿಗೆ ಆಕೆ, ಪಕ್ಕದಲ್ಲಿ ಕುಮುದಿನಿ. ಕಡಲೆಯ ಹೊಲಗಳು ಹಿಂದೆ ಸರಿಯುತ್ತಿದ್ದವು. ಮಾವಶಿ ಅಂದು ಏಕೋ ಕುಮುದಿನಿಯ ತಾಯಿಯ ಮಾತು ತೆಗೆದಳು.

“ನಿಮ್ಮವ್ವನ ಹುಚ್ಚ ನಿನಗ ಗೊತ್ತಿಲ್ಲ. ಒಂದಿನ ಮನ್ಯಾಗ ಯಾರಿಗೂ ಹೇಳಲಾರ್ದ ಇಬ್ರೂ ಸೊಲ್ಲಾಪುರಕ ಸಿನೇಮಾ ನೋಡಾಕ ಹೋದ್ವಿ. ನೀ ಆಕಿ ಬಗಲಾಗ. ತಿರಗಿ ಬರೂದ್ರಾಗ ಬಸ್ಸ ತಪ್ತು. ನಾ ಅಳಾಕತ್ನಿ. ಆಕಿ ಉಳ್ಳಾಗಡ್ಡಿ ಲಾರಿ ಒಂದ ನಿಲ್ಲಿಸಿ, ನಮ್ಮನ್ನ ಚೀಲದ ಮ್ಯಾಲ ಹತ್ತಿಸಿದ್ಳು.”

“ನಾ?”

“ನೀ ಚೀಲದ ಮ್ಯಾಲ ನಿದ್ದಿ ಹೊಡದಿ. ಊರ ಬರೂತನಾ ಆಕಿ ಆ ಸಿನೇಮಾದ ಹಾಡ ಹಾಡಿದ್ದಽ ಹಾಡಿದ್ಳು. ಮನ್ಯಾಗ ನಿಮ್ಮಪ್ಪ, ಎಲ್ಲಿ ಹೋಗಿದ್ರಿ, ಮೈಯೆಲ್ಲಾ ಉಳ್ಳಾಗಡ್ಡಿ ನಾರತೈತಿ ಅಂದ್ರು. ಸಂತೀಗೆ ಅಂದ್ಳು. ಅವತ್ತ ಸಂತೀ ದಿನಾ ಆಗಿರ್ಲೇ ಇಲ್ಲ.”

ಕುಮುದಿನಿ ತಾಯಿಯ ಮುಖವನ್ನು ನೆನಪಿಸಿಕೊಳ್ಳಲು ಯತ್ನಿಸಿದಳು. ಫೋಟೋದಲ್ಲಿದ್ದ ಗಂಭೀರ ಮುಖವಷ್ಟೇ ಅವಳಿಗೆ ಗೊತ್ತಿದ್ದದ್ದು. ಅದು ಲಾರಿಯ ಮೇಲೆ ಕೂತು ಗಾಳಿಗೆ ಸೆರಗು ಹಾರಿಸುತ್ತ ಹಾಡುವುದನ್ನು ಅವಳು ಎಂದೂ ಎಣಿಸಿರಲಿಲ್ಲ. “ಯಾವ ಹಾಡು ಮಾವಶಿ?” ಎಂದು ಕೇಳಿದಳು.

ಲಕ್ಷ್ಮೀಬಾಯಿ ನೆನಪು ಮಾಡಿಕೊಳ್ಳುತ್ತ, ಎದುರಿನ ಸೀಟಿನ ಕಂಬಿಯ ಮೇಲೆ ಬೆರಳಿನಿಂದ ತಾಳ ಹಾಕತೊಡಗಿದಳು.